ಊಟದ ಜೊತೆಗೆ

ಹೊಸಪೇಟೆ
೨೦ ಫೆಬ್ರವರಿ ೨೦೦೭

ಸೌ. ಗಂಗಾಂಬಿಕಾಳಿಗೆ ಈಶ್ವರನ ಆಶೀರ್ವಾದ... ಬೇಡ, ಈ ಸಲ ನಮಸ್ಕಾರವೇ ಇರಲಿ.

ಗಂಗೆ ತಲೆಯಿಂದಿಳಿದು ಸಂಡೂರಿಗೆ ಹರಿದಳು, ಇನ್ನು ತಲೆ ಹಗುರ ಎಂದು ಮೊದಲ ವಾರ ಬೀಗಿದೆ. ಎಂಟು ತಿಂಗಳಾಯಿತು. ಗಂಗೆ ಹೋದರೆ ಈಶ್ವರನಿಗೆ ಉಳಿಯುವುದು ಕಂಠದ ವಿಷವೊಂದೇ.

ಒಂದು ಸಿಹಿ ಸುದ್ದಿ: ನನಗೆ ಸಕ್ಕರೆ ಕಾಯಿಲೆ. ನಾಲಿಗೆಯಲ್ಲಿ ಎಂದೂ ಇರದ ಸಕ್ಕರೆ ರಕ್ತದಲ್ಲಿ ಅಡಗಿತ್ತಂತೆ. ಡಾಕ್ಟರ್ ಹಾಲಸ್ವಾಮಿ ಮೆಟ್‌ಫಾರ್ಮಿನ್ ಗುಳಿಗೆ ಬರೆದರು. ರೋಗವನ್ನು ಮೆಟ್ಟುತ್ತದೆ, ಅದಕ್ಕೇ ಆ ಹೆಸರಿರಬೇಕು. “ದಿನಾ ಎರಡು, ಊಟದ ಜೊತಿಗೆ ತಗೋರಿ” ಎಂದರು.

ಎರಡು ತಿಂಗಳ ಮೇಲೆ ನೋಡಿದರೆ ಸಕ್ಕರೆ ಇನ್ನಷ್ಟು ಏರಿದೆ.

“ಗುಳಿಗಿ ತಗೊಂಡ್ರಿಲ್ಲೋ, ಸರ್?”

“ಊಟಾನೇ ಮಾಡಿಲ್ಲಲ್ರಿ, ಡಾಕ್ಟ್ರೇ.”

“ಮತ್ತ ಏನ್ ತಿಂದು ಬದುಕೀರಿ?”

“ಮುಂಜಾನಿ ಇಡ್ಲಿ, ಸಂಜಿಗೆ ಮಂಡಕ್ಕಿ-ಮಿರ್ಚಿ. ಅದು ನಾಷ್ಟಾ ಆತು, ಊಟ ಹೆಂಗಾದೀತು?”

“ಕನ್ನಡ ಮೇಷ್ಟ್ರೇ, ಹೊಟ್ಟಿಗೆ ವ್ಯಾಕರಣ ಬರಂಗಿಲ್ರಿ! ಹಿಂಗಾ ಬಿಟ್ರ ಕಣ್ಣು, ಕಿಡ್ನಿ ಎಲ್ಲಾ ಕೈ ಕೊಡ್ತಾವ.”

ಕಣ್ಣಿಗೆಲ್ಲಿಯ ಕೈ ಎಂದು ಕೇಳಲು ಹೊರಟವನು ಅವರ ಮುಖ ನೋಡಿ ಚೀಟಿ ಮಡಚಿಕೊಂಡು ಎದ್ದೆ. ಆದರೂ ನನ್ನ ವ್ಯಾಕರಣ ಸರಿ, ಗಂಗಾ. ಒಬ್ಬನೇ ಇದ್ದರೆ ‘ತಿನ್ನು’ ಧಾತುವಷ್ಟೇ ನಡೆಯುತ್ತದೆ. ‘ಉಣ್ಣು’ವಿಗೆ ಎದುರಿಗೊಬ್ಬರು ಬೇಕು. ನಿನಗೆ ಗೊತ್ತಲ್ಲ, ಒಲೆ ಹಚ್ಚಲು ನನಗೆ ಬರುತ್ತದೆ. ಹಚ್ಚಿ ಯಾರಿಗೆ ತೋರಿಸಲಿ?

ಅದಿರಿನ ಲಾರಿಯವರಿಗೆ ಖಾನಾವಳಿ ಇಡುತ್ತೇನೆ ಎಂದು ನೀನಂದಾಗ, “ಲೆಕ್ಚರರ್ ಹೆಂಡ್ತಿ ಡ್ರೈವರ್‌ಗಳಿಗೆ ಬಡಸೋದೇನ?” ಎಂದಿದ್ದೆ. “ನಿಮ್ಮ ಲೆಕ್ಚರ್ ಇವತ್ತಿನತನ ಯಾರ ಹೊಟ್ಟಿ ತುಂಬಸ್ಯಾವ್ರಿ?” ಎಂದು ಕೇಳಿ ನೀನು ಬಸ್ಸು ಹತ್ತಿದೆ. ಉತ್ತರ ಈಗ ಬರೆಯುತ್ತಿದ್ದೇನೆ: ನನ್ನದೂ ತುಂಬಿಸಿಲ್ಲ. ಅಂದಿನ ಮಾತು ತಪ್ಪು. ಖಾನಾವಳಿ ಮುಚ್ಚು ಎನ್ನುವುದಿಲ್ಲ, ಹೊಸಪೇಟೆಗೆ ಬಾ ಎಂದೂ ಅಲ್ಲ. ಇಲ್ಲಿ ಎಲ್ಲ ಆರಾಮು. ಗುಳಿಗೆಯನ್ನು ಇಡ್ಲಿಯ ಜೊತೆಗೇ ನುಂಗಲು ಕಲಿಯುತ್ತಿದ್ದೇನೆ.

ಇಂತಿ,
ನಿನ್ನ ಮಾಜಿ ತಲೆನೋವು,
ಈಶ್ವರ

ತಾ.ಕ.: ಆರಾಮು ಎಂದದ್ದು ಸುಳ್ಳು. ಮೊನ್ನೆ ಭಾನುವಾರ ಸಂಡೂರಿಗೆ ಬಂದಿದ್ದೆ. ಡ್ರೈವರ್‌ಗಳ ಸಾಲಿನಲ್ಲಿ ಕೂತು ಎರಡು ರೊಟ್ಟಿ ಉಂಡು, ಗುಳಿಗೆ ನುಂಗಿದೆ. ನೀನು ಒಲೆಯ ಮುಂದಿದ್ದೆ. ಬೆನ್ನಷ್ಟೇ ಕಂಡಿತು, ಕರೆಯಲು ಧೈರ್ಯ ಬರಲಿಲ್ಲ. ನಿನ್ನಲ್ಲಿ ಬಡಿಸುವ ಜಂಬಕ್ಕ, “ಒಬ್ರೇ ಬಂದೀರೇನ್ರಿ, ಅಣ್ಣಾರ?” ಎಂದು ಕೇಳಿದಳು. ನಾನು, “ಇಲ್ಲವ್ವಾ, ನಮ್ಮ ಮನಿಯವ್ರು ಒಳಗದಾರ” ಎಂದೆ.