ಬಿಚ್ಚಿದವನೇ ಮುಚ್ಚಬೇಕು

ಡೊಂಬಿವಲಿ ಎಂಐಡಿಸಿ
18 ಆಗಸ್ಟ್ 2008

ಪ್ರೀತಿಯ ಯತಿನ್,

ಹೇಗಿದ್ದೀಯಾ? ಘಣಸೋಲಿಯಲ್ಲಿ ಸುಂದರಿ ಅಕ್ಕ, ಭಾವ ಎಲ್ಲ ಸೌಖ್ಯವೇ? ಬರೆಯಲು ತಡವಾಯಿತು, ಬೇಸರಿಸಬೇಡ. ನೀನು ಫೋನ್ ಎತ್ತುವುದಿಲ್ಲವಲ್ಲ, ಕಾಗದವಾದರೂ ಬರೆಯೋಣ ಎಂದು ಮಳೆಗಾಲಕ್ಕೆ ಮೊದಲೇ ಇನ್‌ಲ್ಯಾಂಡ್ ತಂದಿಟ್ಟಿದ್ದೆ. ಅದಕ್ಕೆ ಗ್ರೀಸ್ ತಾಗಿ ಹಾಳಾಯಿತು. ಇದು ಇನ್ನೊಂದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ನಗಬೇಡ.

ನಮ್ಮ ಜೀಪು ಗ್ಯಾರೇಜಿನ ಮೂಲೆಯಲ್ಲೇ ಇದೆ. ಮುಂಬ್ರಾದ ಹತ್ತಿರ ರೈಲಿನಿಂದ ಬಿದ್ದು ನಿನ್ನ ಎಡಪಾದ ಹೋಯಿತಲ್ಲ, ಅದರ ಹಿಂದಿನ ದಿನ ನೀನು ಗೇರ್‌ಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ಬೆಂಚಿನ ಮೇಲೆ ಹರಡಿದ್ದೆ. ಎಲ್ಲ ಹಾಗೆಯೇ ಇದೆ. ಎಣ್ಣೆ ಬಟ್ಟೆ ಹೊದಿಸಿದ್ದೇನೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಗ್ಯಾರೇಜು ಪುಂಡರೀಕಾಕ್ಷಣ್ಣನದು, ಅವರಿಗೆ ಜಾಗ ಬೇಕು. ನಿನ್ನೆ ಬಟ್ಟೆ ಎತ್ತಿ ನೋಡಿ, "ಎಂಥ ಮಾರಾಯ, ಇದಕ್ಕೆ ದಿನಾ ಹೂ ಇಡುದೊಂದು ಬಾಕಿ. ಮುಚ್ಚಿ ಗಾಡಿ ಕೊಟ್ಟುಬಿಡು" ಎಂದರು.

"ಬಿಚ್ಚಿದವನೇ ಮುಚ್ಚಬೇಕು ಅಂತ ಕಲಿಸಿದ್ದು ನೀವೇ ಅಲ್ವಾ ಅಣ್ಣ? ಯಾವ ವಾಷರ್ ಯಾವ ಕಡೆಯದ್ದು ಅಂತ ಬಿಚ್ಚಿದ ಕೈಗೆ ಮಾತ್ರ ಗೊತ್ತು ಅಂತ?"

"ಅದು ಬರುವವನಿಗೆ. ಬಾರದವನಿಗೆ ಎಂಥ ರೂಲು?"

ಹಾಗೆ ಹೇಳಿ ಅವರೇ ಸಪ್ಪಗಾಗಿ ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಕೊಳ್ಳುವವರು ಮೈಸೂರಿನ ಜಯಂತ್ ಎಂಬವರು, ಕಂಪ್ಯೂಟರ್ ಕಂಪನಿಯವರು. ಒಳ್ಳೆಯ ಮನುಷ್ಯ. "ಪಾಪ ಕಣ್ರೀ, ಗಾಡಿ ಹಿಂಗೆ ನಿಂತ್ಕೊಂಡೇ ಸಾಯತ್ತೆ. ನಂಗೆ ಕೊಡಿ, ಪವರ್ ಸ್ಟೇರಿಂಗ್, ಡಿಸ್ಕ್ ಬ್ರೇಕ್ ಎಲ್ಲಾ ಹಾಕ್ಸೋಣ" ಎನ್ನುತ್ತಾರೆ. ಒಳಗೆ ಇಣುಕಿ, "ಇದೇನ್ರೀ ಲೋಕನಾಥ್, ಗೇರ್ ಕೋಲಿಗೆ ಬೈಕಿನ ಕ್ಲಚ್ ಕಟ್ಟಿದ್ದೀರಾ?" ಎಂದು ಕೇಳಿದರು. ನಿನ್ನ ಹೆಸರು ಎತ್ತದೆ, "ಟ್ರಯಲ್ ಸಾರ್" ಎಂದೆ.

ಅದು ಎಡಗಾಲು ಬೇಡದೆ ಕೈಯಲ್ಲೇ ಒತ್ತುವ ಕ್ಲಚ್, ಯತಿನ್. ಕೇಬಲ್ ಹಾಕಿದರೆ ತುಂಡಾಗುತ್ತಿತ್ತು. ಈಗ ಎಣ್ಣೆ ತುಂಬುವ ಚಿಕ್ಕ ಸಿಲಿಂಡರ್ ಹಾಕಿದ್ದೇನೆ, ಎರಡು ಬೆರಳಿಗೆ ಬಗ್ಗುತ್ತದೆ. ಎಡಗಾಲನ್ನು ಹಳೆಯ ಟ್ಯೂಬಿನಿಂದ ಸೀಟಿಗೆ ಬಿಗಿದುಕೊಂಡು, ನಿಂತ ಜೀಪಿನಲ್ಲೇ ಗೇರ್ ಹಾಕಿ ತೆಗೆದು ನೋಡಿದೆ. ಗ್ಯಾರೇಜಿನವರು ನಕ್ಕರು. ನಗಲಿ.

ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಿಗಿ ಮಾಡಿದ ಬೋಲ್ಟನ್ನೇ ಸಡಿಲಿಸಿ ಮತ್ತೆ ಬಿಗಿ ಮಾಡುತ್ತೇನೆ. ಸೀಟನ್ನು ನಿನ್ನ ಎತ್ತರಕ್ಕೆ ಸರಿಸುತ್ತೇನೆ, ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಹಿಂದಕ್ಕೆ ತಳ್ಳುತ್ತೇನೆ. ಊಟಕ್ಕೆ ಹೋದರೂ ಅರ್ಧದಲ್ಲಿ ಎದ್ದು ಬರುತ್ತೇನೆ.

ಭಾನುವಾರ ಜಯಂತ್ ಬರುತ್ತಾರೆ. ಅದರೊಳಗೆ ಮುಚ್ಚದಿದ್ದರೆ ತಾನೇ ಮುಚ್ಚುತ್ತೇನೆ ಎಂದಿದ್ದಾರೆ ಪುಂಡರೀಕಾಕ್ಷಣ್ಣ. ನೀನು ಓಡಿಸುವುದು ಬೇಡ. ಸ್ಟೂಲಿನ ಮೇಲೆ ಕೂತು ಅದೊಂದನ್ನು ಮುಚ್ಚಿಕೊಡು, ಸಾಮಾನು ನಾನು ಎತ್ತಿಕೊಡುತ್ತೇನೆ. ಕಲ್ಯಾಣದ ಗುಜರಿಯಿಂದ ಇಬ್ಬರೂ ಸೇರಿ ತಂದ ಗಾಡಿ. ಮಾರುವುದಾದರೂ ನಿನ್ನ ಕೈ ಮುಚ್ಚಿದ ಮೇಲೆ ಮಾರೋಣ.

ಊರಿನ ದೈವಗಳು ನಿನ್ನ ಬೆನ್ನಿಗಿರಲಿ. ಅಕ್ಕನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಲೋಕನಾಥ

ತಾ.ಕ.: ಹೋದ ವಾರ ಘಣಸೋಲಿಗೆ ಬಂದಿದ್ದೆ. ಅಕ್ಕ ಬಾಗಿಲು ಅರ್ಧ ತೆರೆದು, ನೀನು ಮಲಗಿದ್ದೀ ಎಂದರು. ಹೊರಗೆ ನಿನ್ನ ಚಪ್ಪಲಿ ಜೊತೆಯಾಗಿಯೇ ಇತ್ತು, ಬಲಗಾಲಿನದು ಮಾತ್ರ ಸವೆದಿತ್ತು. ಬಾಗಿಲು ಹಾಕಿದ ಮೇಲೆ ಒಳಗೆ ನಿನ್ನ ಕೆಮ್ಮು ಕೇಳಿತು. ಮಲಗಿದವರು ಕೆಮ್ಮನ್ನು ಹಾಗೆ ಅರ್ಧಕ್ಕೆ ನುಂಗುವುದಿಲ್ಲ. ನಾನೂ ಇನ್ನೊಂದು ಸಲ ಬೆಲ್ ಒತ್ತಲಿಲ್ಲ.