ಬದುವಿನ ಜಗಳಕ್ಕ ಕೊಟ್ಟ ಕೊಯ್ತಾ

ವೀರೇಶ,

ನಿನಗ ಮುಟ್ಟಂಗಿಲ್ಲಂತ ಗೊತ್ತಿದ್ದೂ ಬರಿಯಾಕತ್ತೇನಿ. ಇವತ್ತ ಹಳಿಯಾಳದಾಗ, ನನ್ನ ವೆಲ್ಡಿಂಗ್ ಅಂಗಡಿ ಮುಂದ, ಯುಕ್ರೇನ್ ಯುದ್ಧದ ಪಂಚಾಯ್ತಿ ನಡೀತು. ಚಾ ಆರೋದ್ರಾಗ ತೀರ್ಪೂ ಆತು.

ಚನಬಸಪ್ಪ ಟಿವಿ ನೋಡಿ ಬಂದಿದ್ದ. "ಹೊರಗಿನ ದೇಶದವರು ಇನ್ನಷ್ಟು ಆಯುಧ ಕೊಡಬೇಕು, ಒಂದು ಗೇಣು ನೆಲಾನೂ ಬಿಡಬಾರದು," ಅಂದ. ಹಿತ್ತಲದಾಗ ನಾಯಿ ಬೊಗಳಿದ್ರ ಹೆಂಡ್ತೀನ್ನ ಮುಂದ ಕಳಸೋ ಧೀರ ಅಂವ. ರಿಟೈರ್ ಆದ ಮಾಸ್ತರು, "ಅರ್ಧ ನೆಲ ಬಿಟ್ಟು ರಾಜಿ ಆಗಲಿ," ಅಂದ್ರು. ಬಾಜೂ ಮನಿಯವರ ಜೋಡಿ ಒಂದು ಗಟಾರಕ್ಕ ಹನ್ನೆರಡು ವರ್ಷದಿಂದ ಕೋರ್ಟಿಗೆ ಅಡ್ಡಾಡೋ ಶಾಂತಿದೂತರು! ಸಾಯೋರು ಯಾರೋ, ನೆಲ ಯಾರದೋ, ಇವರದು ಬರೇ ನಾಲಿಗಿ.

ನಾ ಒಳಗ ನಕ್ಕೋತ ಸಾಣಿ ಹಿಡಿಯಾಕತ್ತಿದ್ದೆ. ಅಷ್ಟರಾಗ ನಿನ್ನ ಹೆಂಡ್ತಿ ಈರಕ್ಕ ಬಂದ್ಲು.

"ಸುಭಾನಿ ಅಣ್ಣಾರ, ಕಬ್ಬು ಕಡಿಯೋ ಕೂಲಿಗೆ ಹೊಂಟೇನ್ರಿ. ನಮ್ಮ ಮನಿಯವರಿಗೆ ಒಂದು ಕೊಯ್ತಾ ಮಾಡಿ ಕೊಟ್ಟಿದ್ರಲ್ಲಾ, ಪೊಲೀಸರು ಒಯ್ದದ್ದು, ಅಂಥಾದ್ದ ಒಂದು ಬೇಕ್ರಿ."

ಆ ದಿನ ನೀ ಕೊಯ್ತಾ ಕೇಳಾಕ ಬಂದಿರಲಿಲ್ಲ. "ಬದುವಿನ ಜಗಳ ಹಿರ್‍ಯಾರ ಮುಂದ ಮುಗಸ್ತೇನಿ, ನೀ ಜೋಡಿ ಬಂದು ಕುಂದ್ರು," ಅಂತ ಕರಿಯಾಕ ಬಂದಿದ್ದಿ. "ಗಂಡಸಾಗಿ ನೆಲ ಬಿಡ್ತಿ ಏನಲೇ?" ಅಂತ ನಾನ ಕೊಯ್ತಾ ನಿನ್ನ ಕೈಗಿಟ್ಟೆ. ಬದುವಿನ ಮ್ಯಾಲೆ ನೀ ಹೆಣಾ ಆಗಿ ಬಿದ್ದಾಗ ನಾ ಇಲ್ಲೇ ಅಂಗಡ್ಯಾಗ ಚಾ ಕುಡಿಯಾಕತ್ತಿದ್ದೆ.

"ನೀ ಹೇಳೋ ಸುಭಾನಿ," ಅಂದ ಚನಬಸಪ್ಪ. "ಆಯುಧ ಕೊಡಬೇಕೋ ಬ್ಯಾಡೋ?"

ಈರಕ್ಕನೂ ನನ್ನ ಮಾರಿ ನೋಡಿದ್ಲು.