ಸದ್ದಿಲ್ಲದ ಗಾಡಿ

ಫರೀದಾಬಾದ್
೧೫ ಡಿಸೆಂಬರ್ ೨೦೨೪

ನನ್ನ ಬಂಗಾರದ ಸೊಸೆ ಹರ್ಷಿಣಿಗೆ,

ನಿನ್ನ ಕೆಂಪಣ್ಣ ಮಾಮ ಅಂಗಡಿಯಲ್ಲಿ ಹೀಟರಿನ ಪಕ್ಕ ಕುಳಿತು, ದೂರದಿಂದಲೇ ನಿನ್ನ ತಲೆ ಸವರಿ ಹೇಳುವುದೇನೆಂದರೆ, ನಾನು ಚೆನ್ನಾಗಿದ್ದೇನೆ. ಕೆಮ್ಮು ಇದೆ. ಈ ಗಾಳಿಯಲ್ಲಿ ಕೆಮ್ಮದವನು ಸಿಕ್ಕಿದರೆ ಅವನನ್ನೇ ಡಾಕ್ಟರ ಹತ್ತಿರ ಕಳಿಸಬೇಕು. ಈ ಕಾಗದ ಎಂದೋ ಬರೆಯಬೇಕಿತ್ತು, ತಡವಾಯಿತು. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೇ ಓದು ನಿಲ್ಲಿಸಿದವನು, ಅಕ್ಷರ ತಪ್ಪಿದರೆ ನಗಬೇಡ. ಅಥವಾ ನಕ್ಕುಬಿಡು, ನೀನು ನಕ್ಕು ಬಹಳ ದಿನವಾಯಿತು. ಆದರೂ ದೆಹಲಿಯಲ್ಲಿ ಹುಟ್ಟಿದ ನಿನಗೆ ಕನ್ನಡ ಓದಲು ಕಲಿಸಿದವನು ನಾನೇ. ನಿಮ್ಮ ಇಡೀ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬರ ಕೈಯಲ್ಲಿ ಅದು ಆಗುತ್ತಿರಲಿಲ್ಲ.

ನಿನ್ನ ಫೋನು ಬಡಿದುಕೊಂಡು ಸುಮ್ಮನಾಗುತ್ತದೆ. ನಿನ್ನ ರೂಮಿನ ಅದಿತಿಗೆ ಮಾಡಿದೆ. "ಅಂಕಲ್, ಅವಳು ಯಾರ ಹತ್ರಾನೂ ಮಾತಾಡ್ತಿಲ್ಲ. ಈ ತಿಂಗಳ ಕೊನೆಗೆ ಜಾಬ್ ಬಿಡ್ತಾಳಂತೆ. ಆಫೀಸಲ್ಲಿ ಮೋಟರ್ ಮುಟ್ಟೋಕೇ ಭಯ ಅಂತಾಳೆ" ಅಂದಳು. ಗುರುಗ್ರಾಮಕ್ಕೆ ಬಂದು ನಿನ್ನ ಬಾಗಿಲು ತಟ್ಟುವುದು ನನಗೇನೂ ದೊಡ್ಡದಲ್ಲ. ಆದರೆ ನೀನು ಬಾಗಿಲು ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು. ಕಾಗದವಾದರೆ ಇವತ್ತು ಎಸೆದರೂ ನಾಳೆ ಎತ್ತಿಕೊಂಡು ಓದುತ್ತೀಯ.

ಮೊದಲು ಅಕ್ಕನ, ಅಂದರೆ ನಿಮ್ಮಮ್ಮನ ಸುದ್ದಿ. ಮೊಣಕಾಲಿನ ಕೆಳಗೆ ಕಾಲು ತೆಗೆದ ಜಾಗ ಒಣಗಿದೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಮುರಿದ ಮೂಳೆ ಕೂಡಿಕೊಳ್ಳುತ್ತಿತ್ತು, ಗಾಯ ಕೊಳೆಯುತ್ತಿರಲಿಲ್ಲ ಎಂದು ಡಾಕ್ಟರು ಈಗಲೂ ಹೇಳುತ್ತಾರೆ. ಗಾಲಿಕುರ್ಚಿಯಲ್ಲಿ ಅಡುಗೆಮನೆಗೂ ಹೋಗುತ್ತಾಳೆ. ರಾತ್ರಿ ಇಲ್ಲದ ಪಾದ ತುರಿಸುತ್ತದೆ ಅನ್ನುತ್ತಾಳೆ.

ಈಗ ಗಾಡಿಯ ವಿಷಯ. ಹಾಳೆ ಮಡಿಸಬೇಡ, ಪೂರ್ತಿ ಓದು.

ನಿಮ್ಮಪ್ಪನ ಆ ಪೆಟ್ರೋಲ್ ರಿಮೋಟ್ ಕಾರನ್ನು ಮನೆಗೆ ತಂದವನೇ ನಾನು. ಊರು ಬಿಟ್ಟು ಹೊರಟಿದ್ದ ರಾಯಭಾರ ಕಚೇರಿಯವನೊಬ್ಬ ಸಾಮಾನು ಮಾರುತ್ತಿದ್ದ. ನನ್ನ ಇಂಗ್ಲಿಷಿಗೆ ಅವನು ಅರ್ಧಕ್ಕರ್ಧ ಸೋತ. ಕರುವಿನಷ್ಟು ಉದ್ದ, ಎರಡು ಕೈಯಲ್ಲಿ ಎತ್ತಬೇಕು. ಭಾನುವಾರ ಬೆಳಿಗ್ಗೆ ಅದು ಮೈದಾನದಲ್ಲಿ ಕಿರುಚಿದರೆ ಕ್ವಾರ್ಟರ್ಸಿನವರೆಲ್ಲ ಕಿಟಕಿಗೆ ಬಂದು ಬೈಯುತ್ತಿದ್ದರು. ಅದಕ್ಕೇ ನೀನು ಆಯುಧಪೂಜೆಗೆ ಅಪ್ಪನಿಗೆಂದು ಬ್ರಶ್‌ಲೆಸ್ ಮೋಟರು, ಕಂಟ್ರೋಲರು, ಎರಡು ಲಿಥಿಯಂ ಬ್ಯಾಟರಿ ತಂದೆ. "ಮಾಮ, ಅಪ್ಪಾಗೆ ಪಕ್ಕಾ ಇಷ್ಟ ಆಗತ್ತೆ ನಾ?" ಎಂದು ಹತ್ತು ಸಲ ಕೇಳಿದೆ. ಜೀವಮಾನವೆಲ್ಲ ಮೋಟರು ಸುತ್ತಿ, ಕಾರ್ಬನ್ ಬ್ರಶ್ ಬದಲಾಯಿಸಿದವನು ನಾನು. ಕಾರ್ಬನ್ನೇ ಇಲ್ಲದ ಮೋಟರು ಎಂದರೆ ಹಲ್ಲಿಲ್ಲದ ಹುಲಿ ಎಂದು ನಕ್ಕಿದ್ದೆ. ಆಮೇಲೆ ಅದರ ಎಳೆತ ಕಂಡು ಬಾಯಿ ಮುಚ್ಚಿಕೊಂಡೆ. ಎಂಜಿನ್ ಇಳಿಸಿ ನಿನ್ನ ಮೋಟರು ಕೂರಿಸಿದವನು ನಾನು, ಕಂಟ್ರೋಲರಿಗೆ ಲೆಕ್ಕ ಹಾಕಿ ಕೊಟ್ಟವಳು ನೀನು. ರೇಡಿಯೊ ಸಂಪರ್ಕ ತಪ್ಪಿದರೆ ಗಾಡಿ ತಾನೇ ಬ್ರೇಕು ಹಾಕಿ ನಿಲ್ಲುವಂತೆ ಮಾಡಿದ್ದೇನೆ ಎಂದು ನೀನೇ ಹೇಳಿದ್ದೆ.

ನಿಮ್ಮಪ್ಪ ಹೊಸ ಮೋಟರಿನ ಗಾಡಿಯನ್ನು ಮೊದಲ ಸಲ ಓಡಿಸಬೇಕಿದ್ದ ಆ ಭಾನುವಾರ ನಿನಗೆ ಆಫೀಸಿನಲ್ಲಿ ಕೆಲಸ ಬಿತ್ತು, ನೀನು ಬರಲಿಲ್ಲ. ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಜನ ಸೇರಿಸಿದ್ದೆ. ನಿಮ್ಮಪ್ಪನ ಆಫೀಸಿನ ಸೂರ್ಯನಾರಾಯಣ ಮೊಬೈಲ್ ಹಿಡಿದು ವಿಡಿಯೊಗೆ ನಿಂತಿದ್ದ. ಗಾಡಿ ಮೈದಾನದ ನಡುವೆ ಸುಮ್ಮನೆ ನಿಂತಿತ್ತು. ಅಕ್ಕ ಆಚೆಯ ಗೇಟಿನಿಂದ ಬರುತ್ತಿದ್ದಳು. ಭಾವ ರಿಮೋಟಿನ ಟ್ರಿಗರ್ ಎಳೆದರು. ಗಾಡಿ ನೇರ ಹೋಗಿ ಅವಳ ಕಾಲಿಗೆ ಬಡಿಯಿತು. "ಬ್ರೇಕ್ ಒತ್ತಿದೆ, ಗಾಡಿ ಕೇಳಲಿಲ್ಲ" ಎಂದರು ಭಾವ. ನಿನಗೂ ಅದನ್ನೇ ಹೇಳಿದರು. ಅಂದಿನಿಂದ ನೀನು ನಿನ್ನ ಲೆಕ್ಕವೇ ಅಮ್ಮನ ಕಾಲು ತಿಂದಿತು ಎಂದು ಕುಳಿತಿದ್ದೀಯ.

ಆ ಗಾಡಿಯನ್ನು ನಾನು ಇಲ್ಲಿಗೆ ತಂದಿಟ್ಟುಕೊಂಡಿದ್ದೆ. ಅಂಗಡಿಯ ಹಿಂದಿನ ಖಾಲಿ ಸೈಟಿನಲ್ಲಿ ಓಡಿಸಿ ನೋಡಿದೆ. ಓಡುವಾಗಲೇ ರಿಮೋಟ್ ಆರಿಸಿದೆ, ನಿಂತಿತು. ಚಳಿಯಲ್ಲಿ ಓಡಿಸಿದೆ, ಬ್ಯಾಟರಿ ಇಳಿದಾಗ ಓಡಿಸಿದೆ, ಸೆನ್ಸರ್ ತಂತಿ ಅಲ್ಲಾಡಿಸಿ ಓಡಿಸಿದೆ. ಪಕ್ಕದ ವೆಲ್ಡಿಂಗ್‌ನವನು "ಭಯ್ಯಾ, ಈ ವಯಸ್ಸಲ್ಲಿ ಖಿಲೌನಾ?" ಎಂದು ಆಟಿಕೆಯ ಮಾತೆತ್ತಿ ಹಂಗಿಸಿದ. ಒಂದು ಸಲವೂ ಬ್ರೇಕು ತಪ್ಪಲಿಲ್ಲ ಹರ್ಷಿಣಿ. ಮೋಟರಿನ ವಿಷಯದಲ್ಲಿ ಕೆಂಪಣ್ಣ ಹೇಳಿದ ಮೇಲೆ ಮೇಲಿನ ಕೋರ್ಟಿಲ್ಲ.

ಅಷ್ಟಾದರೂ ನಿಮ್ಮಪ್ಪನ ಮೇಲೆ ನನಗೆ ಅನುಮಾನ ಬರಲಿಲ್ಲ. ಗಾಬರಿಯಲ್ಲಿ ಬೆರಳು ತಪ್ಪಿರಬೇಕು ಎಂದುಕೊಂಡೆ. ಅವರು ಮನೆಯಲ್ಲಿ ಮಾತಿಲ್ಲದೆ ಕೂರುವುದು ನೋಡಲಾಗದೆ ಹಳೆಯ ಎಂಜಿನ್ನನ್ನೇ ಮತ್ತೆ ಕೂರಿಸಿ ಕಳೆದ ಭಾನುವಾರ ಒಯ್ದೆ. "ಬೇಡ ಕಣೋ" ಅಂದರು. ಅಕ್ಕನೇ "ಹೋಗಿ ಬನ್ನಿ, ನನಗೂ ಮನೇಲಿ ಸ್ವಲ್ಪ ಗಾಳಿಯಾಡತ್ತೆ" ಎಂದು ಅಟ್ಟಿದಳು.

ಅಪರೂಪಕ್ಕೆ ಹೊಗೆ ಸರಿದು ಬಿಸಿಲು ಬಿದ್ದಿತ್ತು. ಮೈದಾನದಲ್ಲಿ ನಾವಿಬ್ಬರೇ. ಹಗ್ಗ ಎಳೆದು ಎಂಜಿನ್ ಎಬ್ಬಿಸಿ ರಿಮೋಟ್ ಕೈಗೆ ಕೊಟ್ಟೆ. ಏನು ಓಡಿಸಿದರು ಅಂತೀಯ! ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿ, ಮಣ್ಣು ಹಾರಿಸಿ, ಸೀದಾ ತಮ್ಮ ಕಾಲ ಬಳಿ ತಂದು ನಿಲ್ಲಿಸಿದರು. ನನಗೆ ಖುಷಿಯಾಗಿ ಹಳೆಯ ಚೇಷ್ಟೆ ಎದ್ದಿತು. ಭಾವ ಗಂಭೀರವಾಗಿದ್ದಾಗ ಎದುರಿಗೆ ಹೋಗಿ ಕೋತಿಯಾಡಿ ನಗಿಸುವುದು ಅವರ ಮದುವೆ ಮಂಟಪದಲ್ಲಿ ಶುರು ಮಾಡಿದ ಕೆಲಸ. ಅವರಿಗೆ ಗಾಡಿಯ ಮೇಲೇ ಗಮನವಿದ್ದಾಗ ಸದ್ದಿಲ್ಲದೆ ಹೋಗಿ, ಅವರ ಎಡಕ್ಕೆ ಒಂದಿಷ್ಟು ಸರಿದು, ಮುಖದೆದುರೇ ನಿಂತೆ. ಮಂಕಿ ಟೋಪಿ ಹಿಂದುಮುಂದಾಗಿ ಹಾಕಿಕೊಂಡು, ನಾಲಿಗೆ ಚಾಚಿ, ಸೊಂಟ ಕುಣಿಸಿದೆ. ನಗಲಿಲ್ಲ, ಬೈಯಲಿಲ್ಲ. ಮೂಗಿನ ಹತ್ತಿರ ಕೈ ಬೀಸಿದೆ, ರೆಪ್ಪೆ ಅಲುಗಲಿಲ್ಲ. ಚಾಚಿದ ನಾಲಿಗೆಯನ್ನು ಒಳಗೆ ಎಳೆದುಕೊಳ್ಳುವುದೂ ನನಗೆ ಮರೆತುಹೋಯಿತು.

"ಭಾವ" ಅಂದೆ. ಬೆಚ್ಚಿಬಿದ್ದರು.

"ಇಲ್ಲೇ ಇದ್ದೀಯೇನೋ? ಅಲ್ಲಿ ನೀರಿನ ಟ್ಯಾಂಕಿನ ಹತ್ರ ಇದ್ದೀಯ ಅಂದ್ಕೊಂಡೆ."

"ಎಷ್ಟು ದಿನದಿಂದ?"

"ಏನು ಎಷ್ಟು ದಿನ?"

"ನಾನು ಇಷ್ಟೊತ್ತು ನಿಮ್ಮ ಮುಖದೆದುರು ಕೋತಿ ಕುಣಿದೆ ಭಾವ. ನೀವು ಬೈಲಿಲ್ಲ."

ಎಂಜಿನ್ ಗುರುಗುಡುತ್ತಲೇ ಇತ್ತು. ಅವರು ಅದನ್ನು ಆರಿಸಲಿಲ್ಲ. ಆಮೇಲೆ ಹೇಳಿದರು. ಕಣ್ಣಿನ ನರ ತಿನ್ನುವ ಗ್ಲಾಕೋಮಾ ಅಂತೆ. ಎಡಗಣ್ಣು ಹೋಗಿಯೇ ಎರಡು ವರ್ಷವಾಯಿತಂತೆ. ಬಲಗಣ್ಣಿನಲ್ಲಿ ಒಂದು ಬಳೆಯಷ್ಟು ಅಗಲ ಕಾಣುತ್ತದೆ. ಫೈಲನ್ನು ಅದರೊಳಗೆ ಹಿಡಿದರೆ ಓದಬಲ್ಲರು. ಓಡುವುದೇನೂ ಅದರೊಳಗೆ ನಿಲ್ಲುವುದಿಲ್ಲ.

"ಪೆಟ್ರೋಲ್ ಗಾಡಿ ನಿಂತ್ರೂ ಗುರುಗುಡತ್ತೆ ಕಣೋ. ಎಲ್ಲಿದೆ ಅಂತ ಕಿವಿಗೆ ಗೊತ್ತಾಗತ್ತೆ. ದೂರ ಹೋದ್ರೆ ದನಿ ಸಣ್ಣ, ತಿರುಗಿದ್ರೆ ಬೇರೆ. ಮಗಳು ಕೊಟ್ಟ ಗಾಡಿ ನಿಂತ್ರೆ ಇಲ್ಲವೇ ಇಲ್ಲ. ಎತ್ತ ಮುಖ ಮಾಡಿದೆಯೋ ತಿಳೀಲಿಲ್ಲ. ಅಷ್ಟು ಜನ ಕಾಯ್ತಾ ಇದ್ರು. ಎಳೆದುಬಿಟ್ಟೆ."

"ಬ್ರೇಕು?"

"ಒತ್ತಲೇ ಇಲ್ಲ. ಯಾವಾಗ ಒತ್ತಬೇಕು ಅಂತ ಗೊತ್ತಿದ್ರೆ ತಾನೆ?"

"ಮತ್ತೆ ಆ ಹುಡುಗಿಗೆ ಯಾಕೆ ಹಾಗೆ ಹೇಳಿದ್ರಿ?"

"ಏನಾಯ್ತು ಸಾರ್ ಅಂತ ಸೂರ್ಯನಾರಾಯಣ ಕೇಳಿದ. ಬಾಯಿಗೆ ಅದು ಬಂತು. ಮಷೀನಿನ ಮೇಲೆ ಹಾಕಿದೆ, ಅವಳ ಮೇಲಲ್ಲ ಅಂದ್ಕೊಂಡೆ."

"ಮಷೀನು ಯಾರದು ಭಾವ?" ಅಂದೆ.

ಕಣ್ಣು ಹೋದರೆ ಸರ್ಕಾರಿ ನೌಕರಿ ಹೋಗುವುದಿಲ್ಲ, ಕಾನೂನಿದೆ ಎಂದು ನಾನೇ ಹೇಳಿದೆ. "ನೌಕರಿ ಇರತ್ತೆ. ನಾಳೆಯಿಂದ ಕ್ಯಾಂಟೀನಿಗೆ ಒಬ್ಬ ಕೈ ಹಿಡಿದು ಕರ್ಕೊಂಡು ಹೋಗ್ತಾನೆ. ರಿಟೈರ್ ಆಗೋವರೆಗೆ ಸುಮ್ನಿರು. ಮಗಳಿಗೆ ಹೇಳಬೇಡ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಕೈ ಹುಡುಕಲು ಒಂದು ಕ್ಷಣ ಹಿಡಿಯಿತು. ಆಯಿತು ಅಂದೆ. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ. ಮನೆ ತಲುಪುವವರೆಗೂ ಅವರ ಎಡಗಡೆಯಲ್ಲೇ ನಡೆದೆ. ಚರಂಡಿ ಕಲ್ಲು ಬಂದಲ್ಲಿ ಏನೋ ತಮಾಷೆ ಮಾಡುವವನ ಹಾಗೆ ಭುಜ ತಳ್ಳಿ ಪಕ್ಕಕ್ಕೆ ಸರಿಸಿದೆ.

ನೋಡು ಹರ್ಷಿಣಿ, ಅಪ್ಪನನ್ನು ಕ್ಷಮಿಸು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅಷ್ಟು ದೊಡ್ಡ ಮಾತಿಗೆ ನನ್ನ ಏಳನೆಯ ತರಗತಿ ಸಾಲದು. ಹೇಳಬೇಕಾದದ್ದು ಒಂದೇ. ನಿನ್ನ ಮೋಟರು ತಪ್ಪು ಮಾಡಲಿಲ್ಲ, ನಿನ್ನ ಲೆಕ್ಕವೂ ತಪ್ಪಲಿಲ್ಲ. ನಿಲ್ಲು ಎಂದಿದ್ದರೆ ಅದು ನಿಲ್ಲುತ್ತಿತ್ತು. ಕೆಲಸ ಬಿಡುವುದು ಉಳಿಯುವುದು ನಿನ್ನ ಇಷ್ಟ, ಆದರೆ ಬಿಡುವುದಾದರೆ ಬೇರೆ ಕಾರಣ ಹುಡುಕಿಕೊಂಡು ಬಿಡು. ಈ ಕಾರಣ ನಿನ್ನದಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸ್ವೆಟರ್ ಹಾಕಿಕೋ. ನೀನು ಮುಟ್ಟಿದ ಯಂತ್ರವೆಲ್ಲ ನಿನ್ನ ಮಾತು ಕೇಳಲಿ, ನಿದ್ದೆ ನಿನ್ನ ಕಣ್ಣಿಗೆ ಮರಳಿ ಬರಲಿ.

ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತೋರಿಸಿದ,
ಕೆಂಪಣ್ಣ ಮಾಮ

ಮರೆತ ಮಾತು: ಮರೆತಿರಲಿಲ್ಲ. ಬರೆಯದೆ ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಂದು ಮೈದಾನದಿಂದ ಬಂದವನು, ಭಾವ ಸ್ನಾನಕ್ಕೆ ಹೋದಾಗ, ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಬಟಾಣಿ ಸುಲಿಯುತ್ತಿದ್ದವಳು ತಲೆಯೆತ್ತದೆ "ಗೊತ್ತು" ಅಂದಳು. ಕಣ್ಣಿನ ವಿಷಯ ಅವಳಿಗೆ ಮೊದಲಿನಿಂದ ಗೊತ್ತಿತ್ತಂತೆ. ಗೊತ್ತಿದೆ ಎಂದು ಅವರಿಗೆ ತೋರಿಸಿಕೊಂಡಿಲ್ಲವಂತೆ. ಕಾಲು ಮುರಿದ ದಿನ ಗಾಡಿ ತನ್ನ ಕಡೆ ಬರುವುದನ್ನು ದೂರದಿಂದಲೇ ಕಂಡಳಂತೆ. "ಒಂದು ಸಲ ರೀ ಅಂತ ಕೂಗಿದ್ರೆ ನಿಲ್ಲಿಸ್ತಿದ್ರು ಕಣೋ. ಆ ಸೂರ್ಯನಾರಾಯಣ ಅಲ್ಲೇ ಇದ್ದ. ಎದುರಿಗಿರೋ ಹೆಂಡತೀನೇ ಕಾಣಲ್ವಾ ಅಂತ ಆಫೀಸಿಗೆಲ್ಲ ಗೊತ್ತಾಗ್ತಿತ್ತು. ನಾನೇ ಪಕ್ಕಕ್ಕೆ ಸರ್ಕೊಳ್ತೀನಿ ಅಂದ್ಕೊಂಡೆ."

ಹಾಗಾದರೆ ಹರ್ಷಿಣಿಗಾದರೂ ಯಾಕೆ ಹೇಳಲಿಲ್ಲ ಎಂದು ಜೋರಾಗಿಯೇ ಕೇಳಿದೆ. "ಮೆಲ್ಲಗೆ" ಎಂದು ಬಚ್ಚಲಿನ ಕಡೆ ನೋಡಿದಳು. "ಗಾಡಿ ಮೇಲೆ ಸಿಟ್ಟಿದ್ರೆ ಇರಲಿ ಬಿಡು. ಅವರ ಮೇಲೆ ಸಿಟ್ಟು ಬಂದ್ರೆ ಅವಳು ಈ ಮನೆಗೆ ಬರ್ತಾಳಾ?"

ನೀನು ಹೇಗೂ ಬಂದಿಲ್ಲವಲ್ಲ, ಮಗಳೇ.